ಮುಖ ನೋಡಿ ಮಣೆ, ಮುಖ ನೋಡಿ ಟಿಕೆಟ್ಟು!

ಬಹಳ ದಿನಗಳಾದವು ಇಲ್ಲಿ ಏನೂ ಬರೆಯದೆ. ಒಂದು ರಿಲೀಸ್ ಮುಗೀತು ಅನ್ನುವಷ್ಟರಲ್ಲಿ ಇನ್ನೊಂದು, ಅದರ ಬಾಲಕ್ಕೆ ಮತ್ತೊಂದು... ನೆಪ ಸಾಕು. ಇವತ್ತು ಕೂತು ಬರೆಯಲೇಬೇಕು ಅನ್ನಿಸುವ ಹಾಗೆ ಮಾಡಿದ್ದು ಒಂದು ಫ್ಲೆಕ್ಸು.

ಕಳೆದ ಶನಿವಾರ ಸಂಜೆ ದೇಸಾಯಿ ಕ್ರಾಸ್ ಕಡೆ ಗಿರಮಿಟ್ಟು ತಿನ್ನಲು ಹೋಗಿದ್ದೆ. ನಮ್ಮ ದೇಶಪಾಂಡೆ ನಗರದಿಂದ ನಡೆದುಕೊಂಡು ಹೋಗುವಷ್ಟೇ ದೂರ. ದಾರಿಯಲ್ಲಿ ಆಳೆತ್ತರದ ಫ್ಲೆಕ್ಸು, ಯಾರೋ ನಾಯಕರ ಹುಟ್ಟುಹಬ್ಬ. ಹಾಲಿನಂಥ ಮೈಬಣ್ಣ, ಹಣೆಯ ಮೇಲೆ ಒಂದು ಗೆರೆಯಿಲ್ಲ, ಕೂದಲಂತೂ ಕಾಡಿಗೆಯಂತೆ ಕಪ್ಪು. ಯಾರಪ್ಪಾ ಈ ಹೊಸ ಹೀರೋ ಅಂತ ಹೆಸರು ಓದಿದರೆ, ಹಿಂದಿನ ವಾರವಷ್ಟೇ ಮದುವೆ ಮನೆಯಲ್ಲಿ ನನ್ನ ಪಕ್ಕದ ಎಲೆಗೆ ಕೂತು ಉಂಡವರು! ಅರವತ್ತು ದಾಟಿದ, ಬಿಸಿಲಿಗೆ ಕಪ್ಪಾದ, ಸಾದಾ ಸೀದಾ ಮನುಷ್ಯ. ಎದುರಿಗೆ ನೋಡಿದರೆ ಪಾಪ ಅನ್ನಿಸುವಂಥ ಮುಖ. ಫ್ಲೆಕ್ಸಿನಲ್ಲಿ ಅವರ ಮಗನ ವಯಸ್ಸು.

ಆ ಫ್ಲೆಕ್ಸು ಮಾಡಿದವನು ನನ್ನ ಹೈಸ್ಕೂಲು ಗೆಳೆಯ. ಅಲ್ಲೇ ಸಿಕ್ಕ. "ಇದೇನಲೇ, ಅವರನ್ನ ಹಿಂಗ ಮಾಡೀಯಲ್ಲ?" ಅಂದೆ.

"ನಾ ಏನ್ ಮಾಡ್ಲಿ, ಬ್ರೈಟ್ ಮಾಡ್ರಿ ಬ್ರೈಟ್ ಮಾಡ್ರಿ ಅಂತ ಅವರ ಹುಡುಗೂರು ನಾಕ್ ಸರತಿ ಫೋನ್ ಮಾಡಿದ್ರು. ಮಂದಿಗೆ ಮುಖಾ ಬೇಕಲ್ಲಪಾ!"

ಮಂದಿಗೆ ಮುಖಾ ಬೇಕು. ಈ ಮಾತನ್ನು ನಾನು ಮೊದಲ ಸಲ ಕೇಳಿದ್ದಲ್ಲ. ಇದೇ ಮಾತು ನನಗೆ ಗೊತ್ತಿರುವ ಒಬ್ಬರ ರಾಜಕೀಯವನ್ನು ಶುರುವಾಗುವ ಮೊದಲೇ ಮುಗಿಸಿತ್ತು. ಅದರಲ್ಲಿ ನನ್ನದೂ ಒಂದು ಕೈ ಇತ್ತು. ಅದನ್ನು ಕೊನೆಗೆ ಹೇಳುತ್ತೇನೆ. ಮೊದಲು ಈ ಮಾತಿನ ಜೊತೆ ಸ್ವಲ್ಪ ಜಗಳ ಮಾಡುತ್ತೇನೆ.

ಜಗಳಕ್ಕೆ ಮುಂಚೆ ಎದುರು ಪಾರ್ಟಿಯ ಸಾಕ್ಷಿಯನ್ನು ನಾನೇ ತಂದಿಡುತ್ತೇನೆ. 2005ರಲ್ಲಿ ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಅಲೆಕ್ಸಾಂಡರ್ ಟೊಡೊರೊವ್ ಮತ್ತು ಜೊತೆಯವರು ಒಂದು ಪ್ರಯೋಗ ಮಾಡಿದರು. ಅಲ್ಲಿನ ಸೆನೆಟ್ ಚುನಾವಣೆಗೆ ನಿಂತ ಇಬ್ಬಿಬ್ಬರ ಫೋಟೋ ತೋರಿಸಿ, ಇವರಲ್ಲಿ ಯಾರು ಹೆಚ್ಚು ಸಮರ್ಥರಂತೆ ಕಾಣುತ್ತಾರೆ ಅಂತ ಕೇಳಿದರು, ಅಷ್ಟೇ. ಹೆಸರಿಲ್ಲ, ಪಕ್ಷವಿಲ್ಲ. ಹಾಗೆ ಬರೀ ಮುಖ ನೋಡಿ ಆರಿಸಿದವರೇ ಸುಮಾರು 70 ಪ್ರತಿಶತ ಸ್ಪರ್ಧೆಗಳಲ್ಲಿ ನಿಜವಾಗಿಯೂ ಗೆದ್ದಿದ್ದರು! 2009ರಲ್ಲಿ ಸ್ವಿಟ್ಜರ್‌ಲೆಂಡಿನಲ್ಲಿ ಇದನ್ನೇ ಮಕ್ಕಳ ಮೇಲೆ ಮಾಡಿದರು. ಫ್ರಾನ್ಸಿನ ಅಭ್ಯರ್ಥಿಗಳ ಜೋಡಿ ಫೋಟೋ ತೋರಿಸಿ, ನಿಮ್ಮ ಹಡಗಿಗೆ ಇವರಲ್ಲಿ ಯಾರು ಕ್ಯಾಪ್ಟನ್ ಆಗಬೇಕು ಅಂತ ಕೇಳಿದರು. ಮಕ್ಕಳು ಕೂಡ ಹೆಚ್ಚಿನ ಸಲ ಗೆದ್ದವರನ್ನೇ ಆರಿಸಿದವು.

ಹಾಗಾದರೆ ಮುಖ ಕೆಲಸ ಮಾಡುತ್ತದೆ. ಒಪ್ಪಿದೆ. ನಮ್ಮಲ್ಲಿ ಆ ಮುಖ ಈಗ ಮತಯಂತ್ರದ ಮೇಲೂ ಬಂದು ಕೂತಿದೆ. ಒಂದೇ ಹೆಸರಿನ ನಾಲ್ಕು ಜನ ನಿಂತು ಮತದಾರರಿಗೆ ಗೊಂದಲ ಆಗಬಾರದು ಅಂತ 2015ರಿಂದ ಅಭ್ಯರ್ಥಿಯ ಫೋಟೋ ಹಾಕಲು ಚುನಾವಣಾ ಆಯೋಗ ಶುರು ಮಾಡಿತು. 2025ರಲ್ಲಿ ಹೊಸ ಸೂಚನೆ ಬಂತು: ಫೋಟೋ ಇನ್ನು ಬಣ್ಣದ್ದು, ಫೋಟೋದ ಮುಕ್ಕಾಲು ಭಾಗ ಮುಖವೇ ಇರಬೇಕು. ಗುರುತಿಸಲು ಒಳ್ಳೆಯದೇ, ನನ್ನ ತಕರಾರಿಲ್ಲ. ಆದರೆ ಬಟನ್ ಒತ್ತುವ ಕ್ಷಣದಲ್ಲಿ ನಮ್ಮ ಕಣ್ಣ ಮುಂದೆ ಇರುವುದು ಹೆಸರು, ಚಿಹ್ನೆ, ಮುಖ. ಮಾಡಿದ ಕೆಲಸಕ್ಕೆ ಅಲ್ಲಿ ಜಾಗವಿಲ್ಲ.

ಈಗ ಆ ಸಂಶೋಧನೆಗಳ ಇನ್ನೊಂದು ತುದಿ ನೋಡಿ, ಇದನ್ನು ಯಾರೂ ಹೇಳುವುದಿಲ್ಲ. 2011ರಲ್ಲಿ ಚಾಪೆಲ್ ಲಾಸನ್ ಮತ್ತು ಗೇಬ್ರಿಯಲ್ ಲೆನ್ಜ್ ಅಮೆರಿಕದ ಮತದಾರರನ್ನೇ ಪರೀಕ್ಷಿಸಿ ಕಂಡುಕೊಂಡಿದ್ದು ಇಷ್ಟು: ಮುಖದ ಪ್ರಭಾವ ಎಲ್ಲರ ಮೇಲೆ ಒಂದೇ ಥರ ಇಲ್ಲ. ರಾಜಕೀಯದ ಬಗ್ಗೆ ಕಡಿಮೆ ತಿಳಿದಿದ್ದು ಟಿವಿ ಮಾತ್ರ ಜಾಸ್ತಿ ನೋಡುವವರ ಮೇಲೆ ಅದು ಹೆಚ್ಚು.

ನಾವು ಕೋಡು ಕುಟ್ಟುವವರ ಭಾಷೆಯಲ್ಲಿ ಹೇಳಬೇಕೆಂದರೆ, ಮುಖ ಅನ್ನೋದು ಡೀಫಾಲ್ಟ್ ವ್ಯಾಲ್ಯೂ. ಬೇರೆ ಯಾವ ಇನ್‌ಪುಟ್ಟೂ ಬರದಿದ್ದಾಗ ಅದು ಓಡುತ್ತದೆ. ಇನ್‌ಪುಟ್ ಬಂತೋ, ಡೀಫಾಲ್ಟ್ ಪಕ್ಕಕ್ಕೆ ಸರಿಯುತ್ತದೆ. ಇನ್‌ಪುಟ್ ಕೊಡದೆ ಕೂತು "ನೋಡ್ರಿ, ಈ ಪ್ರೋಗ್ರಾಮಿಗೆ ಡೀಫಾಲ್ಟೇ ಇಷ್ಟ" ಅಂದರೆ ಅದಕ್ಕೇನು ಅರ್ಥ?

ಮಂಡ್ಯದ ಮಾತಿಲ್ಲದೆ ಈ ವಿಷಯ ಮುಗಿಯುವುದಿಲ್ಲ. ನಮ್ಮ ಆಫೀಸಿನ ಕ್ಯಾಂಟೀನಿನಲ್ಲೂ ಚುನಾವಣೆ ಬಂದಾಗಲೆಲ್ಲ ಅದೇ ನಗೆ. "ಮಂಡ್ಯದವ್ರು ಸಿನಿಮಾದವ್ರನ್ನ ನೋಡಿ ಓಟ್ ಹಾಕ್ತಾರೆ." ಹೀಗೆ ನಗುವವರಲ್ಲಿ ಎಷ್ಟು ಜನ ಆ ಊರಿನ ಫಲಿತಾಂಶಗಳನ್ನು ಒಂದರ ಕೆಳಗೊಂದು ಇಟ್ಟು ನೋಡಿದ್ದಾರೆ?

ಅಂಬರೀಶ್ ಮಂಡ್ಯದಿಂದ 1998, 1999, 2004ರಲ್ಲಿ ಲೋಕಸಭೆಗೆ ಗೆದ್ದರು. ಸರಿ. 2009ರಲ್ಲಿ ಅದೇ ಮಂಡ್ಯ ಅದೇ ಅಂಬರೀಶರನ್ನು ಸೋಲಿಸಿತು. ಮುಖ ಬದಲಾಗಿತ್ತೆ? ರಮ್ಯಾ 2013ರ ಆಗಸ್ಟಿನ ಉಪಚುನಾವಣೆಯಲ್ಲಿ ಸಿ.ಎಸ್. ಪುಟ್ಟರಾಜು ಅವರ ವಿರುದ್ಧ ಗೆದ್ದರು. 2014ರಲ್ಲಿ ಅದೇ ಪುಟ್ಟರಾಜು ಎದುರು ಸುಮಾರು ಐದೂವರೆ ಸಾವಿರ ಮತಗಳಿಂದ ಸೋತರು. ಎರಡೂ ಚುನಾವಣೆಗಳ ನಡುವೆ ಒಂದು ವರ್ಷವೂ ಇಲ್ಲ. ಅದೇ ಕ್ಷೇತ್ರ, ಅದೇ ಎದುರಾಳಿ, ಅದೇ ಚಂದದ ಮುಖ. ಪಕ್ಷಗಳ ಲೆಕ್ಕಾಚಾರ ಬದಲಾಗಿತ್ತು ಅನ್ನುತ್ತೀರಾ? ನಾನು ಹೇಳುತ್ತಿರುವುದೂ ಅದನ್ನೇ, ಲೆಕ್ಕಾಚಾರ ಬೇರೆ ಇರುತ್ತದೆ, ಮುಖವೊಂದೇ ಅಲ್ಲ.

2019ಕ್ಕೆ ಬನ್ನಿ. ಒಂದು ಕಡೆ ಯುವ ನಟ, ಮುಖ್ಯಮಂತ್ರಿಯ ಮಗ ನಿಖಿಲ್. ಇನ್ನೊಂದು ಕಡೆ ಸುಮಲತಾ, ಪಕ್ಷೇತರ ಅಭ್ಯರ್ಥಿ, ಗುರುತು ಕಹಳೆ ಊದುವ ರೈತ. ಸಾಲದ್ದಕ್ಕೆ ಕಣದಲ್ಲಿ ಸುಮಲತಾ ಅನ್ನುವ ಹೆಸರಿನ ಇನ್ನೂ ಮೂವರು! ಆದರೂ ಅವರು ಗೆದ್ದದ್ದು 1,25,876 ಮತಗಳ ಅಂತರದಿಂದ. ಇದು ಸಿನಿಮಾ ಮುಖಕ್ಕೆ ಬಿದ್ದ ಓಟು ಅನ್ನುವವರು, ಸೋತದ್ದೂ ಒಂದು ಸಿನಿಮಾ ಮುಖವೇ ಅನ್ನುವುದನ್ನು ಮರೆತೇ ಬಿಡುತ್ತಾರೆ. ತೀರಿಕೊಂಡ ಗಂಡನ ಮೇಲಿನ ಪ್ರೀತಿ, ಒಂದು ಮನೆತನದ ಮೇಲಿನ ಸಿಟ್ಟು, ಹೊರಗಿನಿಂದ ಸಿಕ್ಕ ಬೆಂಬಲ, ಎಲ್ಲ ಸೇರಿ ಆದ ಫಲಿತಾಂಶ ಅದು. ನಿಖಿಲ್ ಆಮೇಲೆ 2023ರಲ್ಲಿ ರಾಮನಗರದಲ್ಲಿ ಸೋತರು, 2024ರ ಉಪಚುನಾವಣೆಯಲ್ಲಿ ಚನ್ನಪಟ್ಟಣದಲ್ಲಿ 25 ಸಾವಿರಕ್ಕೂ ಹೆಚ್ಚು ಮತಗಳಿಂದ ಸೋತರು. ಅಲ್ಲಿ ಗೆದ್ದ ಸಿ.ಪಿ. ಯೋಗೇಶ್ವರ್ ಕೂಡ ಸಿನಿಮಾದವರೇ. ಆದರೆ ಚನ್ನಪಟ್ಟಣದವರನ್ನು ಕೇಳಿ ನೋಡಿ, ಸಿನಿಮಾಕ್ಕಿಂತ ಮೊದಲು ಅವರು ಹೇಳುವುದು ಕೆರೆ ತುಂಬಿಸಿದ್ದನ್ನು.

ಮುಖ ಬಾಗಿಲು ತೆರೆಸುತ್ತದೆ, ನಿಜ. ಒಳಗೆ ಕರೆದು ಕೂರಿಸಿ ಚಹಾ ಕೊಡುವುದಕ್ಕೆ ಮಂದಿ ಬೇರೆ ಕಾರಣ ಹುಡುಕುತ್ತಾರೆ.

ಮಂಡ್ಯ ಯಾಕೆ, ನಮ್ಮ ಮನೆ ಅಂಗಳಕ್ಕೇ ಬರೋಣ. ಜಗದೀಶ ಶೆಟ್ಟರ್ 1994ರಿಂದ 2018ರವರೆಗೆ ಸತತ ಆರು ಸಲ ಹುಬ್ಬಳ್ಳಿಯಿಂದ ಶಾಸಕರಾದವರು. ಅವರದು ಗಲಾಟೆಯಿಲ್ಲದ, ಸೌಮ್ಯ ಮನುಷ್ಯ ಅನ್ನುವ ಇಮೇಜು. 2023ರಲ್ಲಿ ಬಿಜೆಪಿ ಟಿಕೆಟ್ ತಪ್ಪಿ ಕಾಂಗ್ರೆಸ್ಸಿನಿಂದ ನಿಂತರು. ಅದೇ ಮುಖ, ಅದೇ ಇಮೇಜು. ಮಹೇಶ ಟೆಂಗಿನಕಾಯಿ ಎದುರು ಸೋತರು. ಮತ್ತೆ ಬಿಜೆಪಿಗೆ ಹೋಗಿ 2024ರಲ್ಲಿ ಬೆಳಗಾವಿಯಿಂದ ಲೋಕಸಭೆಗೆ ಗೆದ್ದರು. ಇದು ಸರಿಯೋ ತಪ್ಪೋ ಅನ್ನೋದು ಬೇರೆ ಚರ್ಚೆ. ನಿಷ್ಠೆ ಮುಖದ ಮೇಲೆ ಅಂಟಿಕೊಂಡಿರಲಿಲ್ಲ ಅನ್ನೋದಂತೂ ಸ್ಪಷ್ಟ.

ಈಗ ನಮ್ಮ ಅಜ್ಜಿಯ ಕಥೆ. ಅಜ್ಜಿ ಜಮಖಂಡಿ ಕಡೆಯವಳು, ಈಗ ನಮ್ಮ ಜೊತೆ ಇಲ್ಲೇ ದೇಶಪಾಂಡೆ ನಗರದಲ್ಲಿ ಇದ್ದಾಳೆ. ಕರ್ನಾಟಕದ ರಾಜಕಾರಣಿಗಳಲ್ಲಿ ಚಂದದವರು ಯಾರು ಅಂತ ಅವಳ ಕಾಲದವರನ್ನು ಕೇಳಿದರೆ ಒಂದೇ ಉತ್ತರ, ರಾಮಕೃಷ್ಣ ಹೆಗಡೆ. ಆ ಗಡ್ಡ, ಆ ಶಾಲು, ಆ ನಗು, ಆ ಮಾತು. 1983ರಿಂದ 1988ರವರೆಗೆ ಮುಖ್ಯಮಂತ್ರಿ, ಪ್ರಧಾನಿ ಆಗಬಹುದು ಅಂತ ದೇಶವೇ ಮಾತಾಡಿಕೊಂಡ ಮನುಷ್ಯ. ಅಂಥ ಹೆಗಡೆ 1991ರಲ್ಲಿ ಬಾಗಲಕೋಟೆಯಿಂದ ಲೋಕಸಭೆಗೆ ನಿಂತರು. ಎದುರಿಗೆ ಯಾರು? ಜಮಖಂಡಿಯ ರೈತ ಸಿದ್ದು ನ್ಯಾಮಗೌಡ.

ದೇಶಕ್ಕೆ ಅವರ ಹೆಸರು ಗೊತ್ತಿರಲಿಲ್ಲ. ಆದರೆ ಕೃಷ್ಣಾ ತೀರದ ರೈತರಿಗೆ ಗೊತ್ತಿತ್ತು. ಸರ್ಕಾರ ಕಟ್ಟಿಕೊಡುತ್ತದೆ ಅಂತ ಕಾದು ಕಾದು ಸಾಕಾಗಿ, ರೈತರೇ ದುಡ್ಡು ಕೂಡಿಸಿ, ಮೈ ಬಗ್ಗಿಸಿ ದುಡಿದು 1989ರ ಹೊತ್ತಿಗೆ ಚಿಕ್ಕಪಡಸಲಗಿಯಲ್ಲಿ ಕೃಷ್ಣೆಗೆ ಬ್ಯಾರೇಜು ಕಟ್ಟಿದ್ದರು. ಅದರ ಮುಂದಾಳು ಈ ಸಿದ್ದು. ಮಂದಿ ಅವರನ್ನು ಬ್ಯಾರೇಜ್ ಸಿದ್ದು ಅಂತಲೇ ಕರೆಯುತ್ತಿದ್ದರು. ಹೆಗಡೆ ಸೋತರು, ಸಿದ್ದು ಗೆದ್ದರು, ಕೇಂದ್ರದಲ್ಲಿ ರಾಜ್ಯ ಸಚಿವರೂ ಆದರು.

ಒಂದು ದಿನ ಅಜ್ಜಿಯನ್ನು ಕೇಳಿದೆ.

"ಹೆಗಡೇರು ಭಾಳ ಛಂದ ಇದ್ರು ಬಿಡು. ನಮ್ ಕಡೆ ಬಂದಾಗ ನಾನೂ ನೋಡಾಕ ಹೋಗಿದ್ದೆ," ಅಂದಳು.

"ಹಂಗಾರ ಓಟೂ ಅವರಿಗೇ ಹಾಕಿದ್ಯೇನು?"

"ಏ ಇಲ್ಲ. ಸಿದ್ದೂಗ ಹಾಕಿದ್ವಿ. ನೀರ್ ನಿಲ್ಲಿಸಿದಾಂವ ಅಂವ."

"ಮತ್ತ ಹೆಗಡೇರು ಛಂದ ಇದ್ರು ಅಂದ್ಯಲ್ಲ?"

ಅಜ್ಜಿ ನನ್ನ ಮುಖ ನೋಡಿದಳು. ಇಂಜಿನಿಯರಿಂಗ್ ಓದಿದರೂ ಬುದ್ಧಿ ಬಂದಿಲ್ಲ ಅನ್ನುವ ನೋಟ. "ಛಂದ ಇದ್ರ ಏನಾತು? ಓಟ್ ಹಾಕೂದಿತ್ತೋ ತಮ್ಮಾ, ಮಗಳ್ನ ಕೊಡೂದಿತ್ತೇನು?"

:) ಇದಕ್ಕಿಂತ ಒಳ್ಳೆಯ ರಾಜಕೀಯಶಾಸ್ತ್ರ ನಾನು ಓದಿಲ್ಲ. 1991 ರಾಜೀವ್ ಗಾಂಧಿ ಹತ್ಯೆಯಾದ ವರ್ಷ, ಕಾಂಗ್ರೆಸ್ ಕಡೆ ಅನುಕಂಪವೂ ಇತ್ತು ಅಂತ ಯಾರಾದರೂ ಹೇಳಿದರೆ ಹೌದು, ಇತ್ತು. ಆದರೆ ಅಜ್ಜಿ ಅದನ್ನು ಹೇಳಲಿಲ್ಲ, ನೀರನ್ನು ಹೇಳಿದಳು. ಅವಳ ಕಣ್ಣಿಗೆ ಹೆಗಡೆಯವರ ಚಂದ ಕಂಡಿತ್ತು, ನೋಡಲೂ ಹೋಗಿದ್ದಳು, ಮೂವತ್ತು ವರ್ಷ ಮೇಲಾದರೂ ಮರೆತಿಲ್ಲ. ಮೆಚ್ಚುವುದು ಬೇರೆ, ಓಟು ಹಾಕುವುದು ಬೇರೆ ಅಂತ ಅವಳಿಗೆ ಗೊತ್ತಿತ್ತು. ಯಾಕೆಂದರೆ ಅವಳಿಗೆ ಇನ್‌ಪುಟ್ ಸಿಕ್ಕಿತ್ತು, ಹೊಲಕ್ಕೆ ಬಂದ ನೀರಿನ ರೂಪದಲ್ಲಿ.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಇಮೇಜು ಅಂದರೆ ಬರೀ ಬೆಳ್ಳಗಿನ ಚರ್ಮ, ಚೂಪು ಮೂಗು ಅಲ್ಲ. ಹೆಗಲ ಮೇಲಿನ ಹಸಿರು ಶಾಲು, ಮಾಸಿದ ಪಂಚೆ, ಗುಡಿಸಲಿನಲ್ಲಿ ಕೂತು ರೊಟ್ಟಿ ತಿನ್ನುವ ಫೋಟೋ, ಇವೂ ಮೇಕಪ್ಪೇ. "ನಾವು ಚಂದ ನೋಡಲ್ಲ, ಸರಳತೆ ನೋಡ್ತೀವಿ" ಅನ್ನುವ ಓದಿದವರು ಈ ಮೇಕಪ್ಪಿಗೆ ಬೇಗ ಬೀಳುತ್ತಾರೆ. ಸಿನಿಮಾ ಮುಖಕ್ಕೆ ಮರುಳಾಗುವವರನ್ನು ನೋಡಿ ನಗುವ ನಮಗೆ, ಇಂಗ್ಲಿಷು ಚೆನ್ನಾಗಿ ಮಾತಾಡುವ, ಇಸ್ತ್ರಿ ಮುರಿಯದ ಶರಟಿನ, ಲ್ಯಾಪ್‌ಟಾಪ್ ಹಿಡಿದ ಅಭ್ಯರ್ಥಿ ಬಂದರೆ "ಇವನು ನಮ್ಮವನು" ಅನ್ನಿಸುವುದಿಲ್ಲವೆ? ಎದೆ ಮುಟ್ಟಿಕೊಂಡು ಹೇಳಿ. ನನಗಂತೂ ಅನ್ನಿಸುತ್ತದೆ. ನಮ್ಮ ಡೀಫಾಲ್ಟ್ ವ್ಯಾಲ್ಯೂ ಬೇರೆ, ಅಷ್ಟೇ ವ್ಯತ್ಯಾಸ.

ಇನ್ನು ಮೊದಲೇ ಹೇಳಿದ್ದ ಆ ತಪ್ಪೊಪ್ಪಿಗೆ.

2021ರಲ್ಲಿ ನಾನು ಮನೆಯಿಂದಲೇ ಕೆಲಸ ಮಾಡುತ್ತಿದ್ದೆ. ಆ ಸೆಪ್ಟೆಂಬರಿನಲ್ಲಿ ಹುಬ್ಬಳ್ಳಿ-ಧಾರವಾಡ ಮಹಾನಗರ ಪಾಲಿಕೆಗೆ ಚುನಾವಣೆ, 82 ವಾರ್ಡುಗಳು. ನಮ್ಮ ಅತ್ತೆ ಇರುವ ಓಣಿಯಲ್ಲಿ ಒಬ್ಬ ಅಕ್ಕ ಇದ್ದಾರೆ. ಮನೆಯಲ್ಲೇ ಖಡಕ್ ರೊಟ್ಟಿ ಮಾಡಿ ಮಾರುತ್ತಾರೆ. ಕಪ್ಪಗೆ, ಕುಳ್ಳಗೆ, ಒಂದು ಹಲ್ಲು ಸ್ವಲ್ಪ ಮುಂದೆ. ಒಲೆಯ ಮುಂದೆ ಕೂತು ಕೂತು ಮುಖದ ಮೇಲೆ ಕಲೆ. ಆ ಓಣಿಯಲ್ಲಿ ಯಾರಿಗೆ ಏನಾದರೂ ಮೊದಲು ಹೋಗುವುದು ಅವರ ಮನೆಗೆ. ಎರಡನೇ ಅಲೆಯ ಹೊತ್ತಿನಲ್ಲಿ ಓಣಿಯ ಜನಕ್ಕೆ ಆಸ್ಪತ್ರೆ, ಆಂಬುಲೆನ್ಸು, ರೇಷನ್ನು ಅಂತ ಓಡಾಡಿದ್ದು ಅವರೇ.

ಅವರ ಹತ್ತಿರ ಒಂದು ನೋಟಬುಕ್ ಇತ್ತು. ನೂರು ಪುಟದ, ಮಕ್ಕಳು ಬಿಟ್ಟ ಹಳೆಯ ಲೆಕ್ಕದ ನೋಟಬುಕ್. ಅದರಲ್ಲಿ ಎರಡು ವರ್ಷ ಓಣಿಗೆ ನಳದ ನೀರು ಯಾವ ದಿನ ಬಂತು, ಎಷ್ಟು ಗಂಟೆಗೆ ಬಂತು, ಎಷ್ಟೊತ್ತು ಇತ್ತು, ಎಲ್ಲ ಬರೆದಿಟ್ಟಿದ್ದರು. ಹುಬ್ಬಳ್ಳಿಯಲ್ಲಿ ಎಂಟು ದಿನ, ಹತ್ತು ದಿನಕ್ಕೊಮ್ಮೆ ನೀರು ಕಂಡವರಿಗೆ ಆ ನೋಟಬುಕ್ಕಿನ ಬೆಲೆ ಗೊತ್ತು. ನೀರಿನವರು "ವಾರಕ್ಕೊಮ್ಮೆ ಬಿಡ್ತೀವಿ" ಅಂದರೆ ಅಕ್ಕ ಪುಟ ತೆಗೆದು ತೋರಿಸುತ್ತಿದ್ದರು. ಆಮೇಲೆ ಎದುರಿನವರ ಬಾಯಿ ಬಂದ್! ನಾನು ಇಷ್ಟು ವರ್ಷದಲ್ಲಿ ನೋಡಿದ ಅತ್ಯಂತ ಶಿಸ್ತಿನ ಲಾಗ್ ಫೈಲ್ ಅದು.

ವಾರ್ಡು ಮಹಿಳಾ ಮೀಸಲು ಆಯಿತು. ಓಣಿಯವರೇ ಹುರಿದುಂಬಿಸಿ, ಒಂದು ಪಕ್ಷದ ಟಿಕೆಟ್ ಕೇಳಲು ಅಕ್ಕನನ್ನು ಒಪ್ಪಿಸಿದರು. ಬಯೋಡಾಟಾ ಬೇಕು ಅಂದರು. ಕಂಪ್ಯೂಟರಿನವನು ಅಂತ ಕೆಲಸ ನನ್ನ ಪಾಲಿಗೆ ಬಂತು.

ಒಂದೇ ಪುಟ. ನಾನು ಏನು ಮಾಡಿದೆ ಗೊತ್ತೆ? ಮೇಲೆ ದೊಡ್ಡದಾಗಿ ಫೋಟೋ ಹಾಕಿದೆ. ಫೋಟೋ ಬ್ರೈಟ್ ಮಾಡಿದೆ. ಕಲೆ ತೆಗೆದೆ. ಹಲ್ಲು ಕೂಡ ಸ್ವಲ್ಪ ಸರಿ ಮಾಡಿದೆ. ಯಾರೂ ಹೇಳಿರಲಿಲ್ಲ, ನಾನಾಗಿಯೇ. ಚಂದ ಕಾಣಲಿ ಅಂತ, ಒಳ್ಳೆಯದಾಗಲಿ ಅಂತಲೇ. ಪ್ರಿಂಟ್ ತೆಗೆದು ಕೊಟ್ಟಾಗ ಅಕ್ಕ ಬಹಳ ಹೊತ್ತು ಹಾಳೆ ಹಿಡಿದು ನಿಂತರು.

"ತಮ್ಮಾ, ಇದು ಯಾರ ಫೋಟೋ?"

"ನಿಮ್ದss ಅಕ್ಕಾ... ಹಿಂಗಿದ್ರ ಛಲೋ ಕಾಣ್ತದ."

"ಹೌದೇನು? ಓಣ್ಯಾಗ ಮಂದಿ ಗುರ್ತ ಹಿಡೀಬೇಕಲ್ಲೋ," ಅಂತ ನಕ್ಕರು. ಆಮೇಲೆ ಕೇಳಿದರು, "ನೋಟಬುಕ್ಕಿಂದು ಎಲ್ಲಿ ಹಾಕೀ?"

ಹಾಕಿರಲಿಲ್ಲ. ಫೋಟೋ ದೊಡ್ಡದಾಗಿದ್ದಕ್ಕೆ ಜಾಗ ಸಾಲಲಿಲ್ಲ.

ಟಿಕೆಟ್ ಸಿಗಲಿಲ್ಲ. ಆ ಪಕ್ಷದ ಸ್ಥಳೀಯ ಮುಖಂಡರೊಬ್ಬರು ಓಣಿಯವರಿಗೆ ಹೇಳಿ ಕಳಿಸಿದ ಮಾತು ಇದು: "ಅಕ್ಕಾರು ಕೆಲಸಾ ಛಲೋ ಮಾಡ್ತಾರ, ಖರೇ. ಆದ್ರ ಫೇಸ್ ವ್ಯಾಲ್ಯೂ ಇಲ್ಲ. ಮಂದಿಗೆ ಮುಖಾ ಬೇಕಲ್ಲ." ಟಿಕೆಟ್ ಇನ್ನೊಬ್ಬರಿಗೆ ಹೋಯಿತು. ಅವರ ಸ್ಟುಡಿಯೋ ಫೋಟೋ ಫ್ಲೆಕ್ಸಿನ ಮೇಲೆ ನಿಜಕ್ಕೂ ಚೆನ್ನಾಗಿ ಬಂದಿತ್ತು. ಪಕ್ಕದಲ್ಲಿ ಗಂಡನ ಫೋಟೋ, ಅದು ಇನ್ನೂ ದೊಡ್ಡದು.

ಈಗ ಕೇಳುತ್ತೇನೆ. ಮಂದಿಗೆ ಮುಖಾ ಬೇಕು ಅಂದರಲ್ಲ, ಮಂದಿಯನ್ನು ಕೇಳಿದ್ದು ಯಾವಾಗ? ಮತಯಂತ್ರದ ತನಕ ಅಕ್ಕ ಬರಲೇ ಇಲ್ಲ. ಮಂದಿ ಅಕ್ಕನ ಮುಖವನ್ನೂ ತಿರಸ್ಕರಿಸಲಿಲ್ಲ, ನೋಟಬುಕ್ಕನ್ನೂ ತಿರಸ್ಕರಿಸಲಿಲ್ಲ. ಅವರಿಗೆ ಆ ಅವಕಾಶವೇ ಸಿಗಲಿಲ್ಲ. ಎಸಿ ಕೋಣೆಯಲ್ಲಿ ಬಯೋಡಾಟಾಗಳ ರಾಶಿ ಮುಂದಿಟ್ಟುಕೊಂಡು ಕೂತ ನಾಲ್ಕು ಜನ ಆರಿಸಿದರು, ಹೆಸರು ಮಾತ್ರ ಮಂದಿಯದು. ಮುಖ ನೋಡಿ ಮಣೆ ಹಾಕುವುದು ಇವರು, ಬೈಸಿಕೊಳ್ಳುವುದು ಮತದಾರ!

ಮತ್ತೆ ಆ ನಾಲ್ಕು ಜನರ ಕೈಗೆ ನೋಟಬುಕ್ಕಿಲ್ಲದ, ಬರೀ ಮುಖವಿದ್ದ ಹಾಳೆಯನ್ನು ಕೊಟ್ಟವನು ನಾನು. ಇನ್‌ಪುಟ್ ಅಳಿಸಿ ಡೀಫಾಲ್ಟ್ ಕಳಿಸಿದವನು ನಾನು. ನೋಟಬುಕ್ ಇದ್ದಿದ್ದರೆ ಟಿಕೆಟ್ ಸಿಗುತ್ತಿತ್ತು ಅಂತ ನಾನು ಹೇಳುವುದಿಲ್ಲ, ದುಡ್ಡು ಜಾತಿ ಲೆಕ್ಕ ಎಲ್ಲ ನನಗೂ ಗೊತ್ತು. ಆದರೆ "ಫೇಸ್ ವ್ಯಾಲ್ಯೂ ಇಲ್ಲ" ಅನ್ನುವುದಕ್ಕೆ ಅವರಿಗೆ ಅಷ್ಟು ಸುಲಭದ ದಾರಿ ಮಾಡಿಕೊಟ್ಟಿದ್ದು ನನ್ನ ಬ್ರೈಟ್‌ನೆಸ್ಸೇ.

ನಮ್ಮ ದೇಶಪಾಂಡೆ ನಗರದಲ್ಲಿ ಗಂಗೂಬಾಯಿ ಹಾನಗಲ್ಲರ ಮನೆ ಇದೆ. ಗಂಟಲಿಗೆ ಚಿಕಿತ್ಸೆ ಆದಮೇಲೆ ಅವರ ದನಿ ಗಡುಸಾಯಿತು. ಹಾಡುವ ಹೆಂಗಸಿನ ದನಿ ಹೀಗಿರಬೇಕು ಅನ್ನುವ ಮಂದಿಯ ಕಲ್ಪನೆಗೆ ಹೊಂದದ ದನಿ. ಅವರು ಅದನ್ನು ಬ್ರೈಟ್ ಮಾಡಿಕೊಳ್ಳಲಿಲ್ಲ. ಆ ದನಿಯಲ್ಲೇ ಹಾಡಿದರು, ದೇಶ ಕೂತು ಕೇಳಿತು. ಸಂಗೀತದಲ್ಲಿ ಇದ್ದದ್ದನ್ನು ಇದ್ದ ಹಾಗೆ ಕೇಳಲು ಕಲಿತ ಊರು ನಮ್ಮದು. ರಾಜಕೀಯದಲ್ಲಿ ಯಾಕೆ ಆಗಬಾರದು?

ನನ್ನ ಬೇಡಿಕೆ ದೊಡ್ಡದೇನೂ ಅಲ್ಲ. 2003ರಿಂದ ಅಭ್ಯರ್ಥಿಗಳು ಆಸ್ತಿ, ಕೇಸು, ಓದು ಎಲ್ಲವನ್ನೂ ಅಫಿಡವಿಟ್ಟಿನಲ್ಲಿ ಹೇಳಬೇಕು. ಒಳ್ಳೆಯದಾಯಿತು. ಆದರೆ ಐದು ವರ್ಷದಲ್ಲಿ ಏನು ಮಾಡಿದಿರಿ ಅನ್ನುವುದಕ್ಕೆ ಅದರಲ್ಲಿ ಒಂದು ಸಾಲೂ ಇಲ್ಲ. ಆ ಸಾಲನ್ನು ನಾವು ಬರೆಯಬಹುದು. ನಿಮ್ಮ ವಾರ್ಡಿನಲ್ಲಿ ನೀರು ಯಾವತ್ತು ಬಂತು, ಗಟಾರ ಯಾವತ್ತು ತೆಗೆದರು, ಯಾರಿಗೆ ಫೋನ್ ಮಾಡಿದಿರಿ, ಯಾರು ಎತ್ತಿದರು. ಊಟ, ಸಿನಿಮಾ, ಪ್ರವಾಸ ಅಂತ ಪುಟಗಟ್ಟಲೆ ಬರೆಯುತ್ತೇವೆ, ತಿಂಗಳಿಗೆ ಒಂದು ಸಲ ಇದನ್ನೂ ಬರೆಯೋಣ. ಮುಂದಿನ ಪಾಲಿಕೆ ಚುನಾವಣೆ ಬಂದಾಗ ಫ್ಲೆಕ್ಸಿನ ಪಕ್ಕ ಇಡಲು ಏನಾದರೂ ಇರಲಿ.

ಅಕ್ಕ ಈಗಲೂ ರೊಟ್ಟಿ ಮಾಡುತ್ತಾರೆ. ಕಳೆದ ತಿಂಗಳು ಹೋದಾಗ ಮಾತಿಗೆ ಮಾತು ಬಂದು ನೋಟಬುಕ್ ಕೇಳಿದೆ. ಮೂರನೆಯದು ನಡೆದಿದೆಯಂತೆ. ತಂದುಕೊಟ್ಟರು, ನಾನು ಒಂದೊಂದೇ ಪುಟ ಫೋಟೋ ತೆಗೆದುಕೊಂಡೆ. ಈ ಸಲ ಬ್ರೈಟ್ ಮಾಡಿಲ್ಲ. ಇದ್ದ ಹಾಗೇ ಇಟ್ಟಿದ್ದೇನೆ, ಹಿಟ್ಟಿನ ಬೆರಳಿನ ಗುರುತು ಸಮೇತ.

ನಿಮ್ಮ ಊರಿನಲ್ಲಿ ಇಂಥ ಅಕ್ಕ ಯಾರಿದ್ದಾರೆ? ಹೇಳಿ. ಬೈಯುವವರಿಗೂ ಬಾಗಿಲು ತೆರೆದೇ ಇದೆ :)